ಗಾಜಿನ ಬಸಿರು

ಹಟ್ಟಿಯ ಉಳಿದ ಜಾಗದಲ್ಲೆಲ್ಲ ಕುರಿಗಳು ಮನಸ್ಸು ಬಂದ ಹಾಗೆ ಮಲಗಿದ್ದವು. ಪಡುವಣ ಮೂಲೆಗೆ ಮಾತ್ರ ಯಾವುದಾದರೂ ಒಂದು ಕಾಲಿಟ್ಟರೆ ಸಾಕು, ಗುತ್ಯಮ್ಮ ಕಸಬರಿಗೆಯ ಹಿಡಿಯಿಂದ ಮೆತ್ತಗೆ ತಟ್ಟಿ ಈಚೆಗೆ ಕಳಿಸುತ್ತಿದ್ದಳು. ಗದರುತ್ತಿರಲಿಲ್ಲ. ಮಲಗಿದ ಕೂಸು ಎದ್ದೀತೆಂದು ಮಿಕ್ಕ ಮಕ್ಕಳನ್ನು ಅಂಗಳಕ್ಕೆ ಕಳಿಸುವವರ ಹಾಗೆ ಕಳಿಸುತ್ತಿದ್ದಳು.

ಕುತುಬುದ್ದೀನ್ ಸಾಹೇಬರು ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತು, ಆಕೆಯೇ ಕೊಟ್ಟ ಮಜ್ಜಿಗೆ ಕುಡಿಯುತ್ತ, ಇದನ್ನೆಲ್ಲ ನೋಡಿಯೂ ನೋಡದವರ ಹಾಗೆ ಇದ್ದರು. ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಅವರ ಖಾಕಿ ಬಟ್ಟೆ ಟ್ರಂಕು ಸೇರಿತ್ತು. ಕಣ್ಣಿಗೆ ಮಾತ್ರ ಸರ್ಕಾರ ಇನ್ನೂ ಪೆನ್ಶನ್ ಕೊಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಶಿಕಾರಿಪುರದಲ್ಲಿ, ಅವರದೇ ಮನೆಯ ಹೊರಕೋಣೆಯಿಂದ, ಬಾಡಿಗೆಗಿದ್ದ ಡಾಕ್ಟರ್ ಯಮುನಮ್ಮನವರು ವರ್ಷಗಟ್ಟಲೆ ಕೂಡಿಟ್ಟಿದ್ದ ಗಾಜಿನ ಸೀಸೆಗಳೆಲ್ಲ ಮಾಯವಾಗಿದ್ದವು. ಭಾನುವಾರ ಆಕೆ ಊರಲ್ಲಿರಲಿಲ್ಲ, ಆದರೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಂದೊಂದು ಸೀಸೆಯಲ್ಲೂ ಹುಟ್ಟುವ ಮೊದಲೇ ಸತ್ತ ಒಂದೊಂದು ಕುರಿಮರಿಯ ಮಿದುಳು.

ಇಂಥ ಸರಕನ್ನು ಯಾವ ಕಳ್ಳ ಮುಟ್ಟುತ್ತಾನೆ ಎಂದು ಸಂತೆಯಲ್ಲಿ ಜನ ನಕ್ಕರು. ಸಾಹೇಬರು ನಗಲಿಲ್ಲ. ಆ ಹೆಣ್ಣುಮಗಳ ಋಣ ಅವರ ಮೇಲಿತ್ತು, ತೀರಿಸಿದರೆ ತೀರುವಂಥದಲ್ಲ.

ಸೊಸೆ ಶರ್ಫುನ್ನೀಸಾ ಸೊರಬದ ಕಡೆಯ ಹುಡುಗಿ. ಎರಡು ಸಲ ಬಸಿರು ನಿಂತು, ಎರಡು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಮೂರನೆಯ ಬಸಿರಿನಲ್ಲಿ ಒಂದು ದಿನ ಹೊರಕೋಣೆಗೆ ಚಹಾ ಕೊಡಲು ಹೋದಾಗ ಸೆರಗು ಸರಿದು, ಅವಳ ಕುತ್ತಿಗೆಯ ಊತ ಯಮುನಮ್ಮನವರ ಕಣ್ಣಿಗೆ ಬಿತ್ತು. ಚಹಾ ಅಲ್ಲೇ ಆರಿತು. ಅವತ್ತೇ ತಮ್ಮ ಹಳೇ ಜೀಪಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ತಾನು ದನಕುರಿಗಳ ಡಾಕ್ಟರು, ಮನುಷ್ಯರ ಕತೆ ತನಗೆ ಬೇಡ ಎಂದು ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ. ತಡವಾಗಿಯಾದರೂ ಔಷಧಿ ಶುರುವಾಯಿತು, ಬಸಿರು ಉಳಿಯಿತು, ತವರಿನಲ್ಲಿ ಗಂಡು ಕೂಸು ಹುಟ್ಟಿತು.

ಸಾಹೇಬರು ಕೂಸಿಗೆ ತಮ್ಮ ತಂದೆಯ ಹೆಸರನ್ನೇ ಇಟ್ಟರು, ಪೀರ್ ಸಾಬ್. ಅವತ್ತಿನಿಂದ ಐದು ಹೊತ್ತಿನ ನಮಾಜಿನಲ್ಲೂ ಅವರ ದುವಾದೊಳಗೆ ಯಮುನಮ್ಮನವರ ಹೆಸರು ಇದ್ದೇ ಇರುತ್ತಿತ್ತು. ಅಂಥವರ ವಸ್ತು ತಮ್ಮ ಸೂರಿನ ಕೆಳಗಿಂದ ಹೋಯಿತೆಂದರೆ ತಮ್ಮ ಕೈಯಿಂದಲೇ ಹೋದ ಹಾಗೆ. ಗುರುವಾರದೊಳಗೆ ತಂದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಇವತ್ತು ಬುಧವಾರ.

ಗುರುವಾರ ಆ ಸೀಸೆಗಳನ್ನು ನೋಡಲು ಬೆಂಗಳೂರಿನಿಂದ ಪಂಡಿತರು ಬರುವವರಿದ್ದರು.

ಆ ಸೀಸೆಗಳ ಬೆಲೆ ಸಾಹೇಬರಿಗೆ ತಿಳಿದದ್ದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ದಿನ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದ ಮಿದುಳಿನ ಪದರ. ಜೀವಕಣದೊಳಗಿನ ಕೆಲವೇ ಕೆಲವು ಅಣುಗಳನ್ನು ಹುಡುಕಿ ಹಿಡಿಯುವ ನೇರಳೆ ಬಣ್ಣ. ಯಮುನಮ್ಮನವರು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದ್ದರು: ತಾಯಿಯ ಹೊಟ್ಟೆಯಲ್ಲಿ ಮಿದುಳು ಎರಕ ಹೊಯ್ದ ಹಾಗೆ ಒಂದೇ ಸಲ ಆಗುವುದಿಲ್ಲ. ಒಳಗೋಡೆಯ ಹತ್ತಿರ ಕಣಗಳು ಹುಟ್ಟುತ್ತವೆ. ಎಳೆಯಂತೆ ಚಾಚಿದ ಬೇರೆ ಕಣಗಳನ್ನು ಹಗ್ಗದ ಹಾಗೆ ಹಿಡಿದು ಹೊರಮೈ ಕಡೆಗೆ ಹತ್ತುತ್ತವೆ. ಮೊದಲು ಹುಟ್ಟಿದ್ದು ಕೆಳಗೇ ನಿಲ್ಲುತ್ತದೆ. ಆಮೇಲೆ ಹುಟ್ಟಿದ್ದು ಅದನ್ನು ದಾಟಿ ಮೇಲಿನ ಪದರಕ್ಕೆ ಹೋಗಿ ಕೂರುತ್ತದೆ.

ಕೊನೆಗೆ ಬಂದವನು ಬಸ್ಸಿನ ಟಾಪ್ ಮೇಲೆ ಕೂರುವ ಹಾಗೆ, ಅಲ್ಲವೇ, ಎಂದು ಸಾಹೇಬರು ಕೇಳಿದಾಗ ಆಕೆ ಮನಸಾರೆ ನಕ್ಕು, ಹೌದು, ಆ ಬಸ್ಸಿನ ನಕ್ಷೆಯನ್ನೇ ವಾರವಾರಕ್ಕೂ ಬರೆಯುತ್ತಿದ್ದೇನೆ ಎಂದಿದ್ದರು.

ನಕ್ಷೆ ಎರಡಿತ್ತು. ಒಂದು, ಬಯಲುಸೀಮೆಯ ಗಟ್ಟಿಮುಟ್ಟು ಕುರಿಯ ಮರಿಗಳದ್ದು. ಇನ್ನೊಂದು, ಉಳವಿಯ ಕಡೆಯ, ಕುತ್ತಿಗೆ ಗಂಟಾದ ಕುರಿಯ ಮರಿಯದ್ದು. ಆ ಮರಿಯ ಮಿದುಳಿನಲ್ಲಿ ಹತ್ತಬೇಕಾದ ಕಣಗಳು ಅರ್ಧ ದಾರಿಯಲ್ಲೇ ಕೂತುಬಿಟ್ಟಿದ್ದವು. ಕುತ್ತಿಗೆಯ ಗ್ರಂಥಿ ಒಂದು ರಸ ಮಾಡುತ್ತದಂತೆ. ಆ ರಸದ ಒಂದೊಂದು ಅಣುವಿಗೂ ಅಯೋಡಿನ್ನಿನ ನಾಲ್ಕು ಪರಮಾಣು ಬೇಕಂತೆ. ಮಳೆ ತೊಳೆದ ಗುಡ್ಡದ ಮಣ್ಣಿನಲ್ಲಿ ಅಯೋಡಿನ್ ಇಲ್ಲ, ನೀರಿನಲ್ಲಿಲ್ಲ, ಹುಲ್ಲಿನಲ್ಲಿಲ್ಲ. ರಸವಿಲ್ಲದೆ ಕಣ ಹತ್ತುವುದಿಲ್ಲ.

ಆ ಮಿದುಳಿನ ಒಂದು ಅರ್ಧವನ್ನು ಕೊಯ್ದು ನೋಡಿ ಯಮುನಮ್ಮನವರು ಬೆಂಗಳೂರಿಗೆ ತಿಳಿಸಿದ್ದರು. ಅಲ್ಲಿಯವರು ನಂಬಲಿಲ್ಲ. ಉಳಿದರ್ಧವನ್ನು ನಮ್ಮ ಕಣ್ಣೆದುರೇ ಕೊಯ್ದು ತೋರಿಸಿ, ನಿಜವಾದರೆ ಗುಡ್ಡದ ಊರುಗಳಿಗೆಲ್ಲ ಅಯೋಡಿನ್ ಬೆರೆಸಿದ ಉಪ್ಪು ಕಳಿಸಲು ಬರೆಯುತ್ತೇವೆ, ಇಲ್ಲವಾದರೆ ಈ ಕೋಣೆ ಮುಚ್ಚಿಬಿಡಿ ಎಂದಿದ್ದರು. ಆ ಉಳಿದರ್ಧ ಇದ್ದ ಸೀಸೆಯ ಬಾಯಿಗೆ ಕೆಂಪು ಮೇಣ. ಮಿಕ್ಕವಕ್ಕೆಲ್ಲ ಹಳದಿ.

ಸಾಹೇಬರು ಮೊದಲು ಹಿಡಿದದ್ದು ರಾಜಪ್ಪನನ್ನು. ಹೊರಕೋಣೆಯ ಕಸ ಹೊಡೆದು ಗಾಜು ತೊಳೆಯುವವನು. ಹೆಸರು ಎತ್ತುವ ಮೊದಲೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಅವನು ಬೆವತುಹೋದ. ಕೊನೆಗೆ ಒಪ್ಪಿಕೊಂಡದ್ದು, ಹೆಂಡತಿಯ ಮಂಡಿನೋವಿಗೆ ತಿಕ್ಕಲು ಆಗಾಗ ಒಂದಿಷ್ಟು ಸ್ಪಿರಿಟ್ ಒಯ್ಯುತ್ತಿದ್ದದ್ದನ್ನು. ಗಬ್ಬದ ಕುರಿ ಕಡಿಯಬೇಡ ಎಂದದ್ದಕ್ಕೆ ಯಮುನಮ್ಮನವರ ಜೊತೆ ಜಗಳವಾಡಿದ್ದ ಮಟನ್ ಅಂಗಡಿಯ ರಜಾಕನ ಮೇಲೂ ಊರಿನ ಬಾಯಿ ತಿರುಗಿತ್ತು. ಆದರೆ ಅವನು ಭಾನುವಾರ, ಸೋಮವಾರ ಎರಡೂ ದಿನ ಹಾನಗಲ್ಲಿನ ಮದುವೆಯಲ್ಲಿದ್ದ, ಬಿರಿಯಾನಿ ಬೇಯಿಸಿದವನೇ ಅವನು.

ಹಾಳು ಮಾಡಬೇಕೆಂದವನು ಸೀಸೆಗಳನ್ನು ಅಲ್ಲೇ ಒಡೆಯುತ್ತಿದ್ದ. ಮಾರಬೇಕೆಂದವನು ಹಿತ್ತಾಳೆಯ ಸೂಕ್ಷ್ಮದರ್ಶಕವನ್ನು ಬಿಡುತ್ತಿರಲಿಲ್ಲ, ಅದು ಮೇಜಿನ ಮೇಲೆ ಹೊಳೆಯುತ್ತ ಕೂತಿತ್ತು. ಬರಿದಾದ ಹಲಗೆಯ ಮೇಲೆ ಅರಿಶಿನದ ಬೊಟ್ಟು ಇತ್ತು. ಹಲಗೆಯ ಕೆಳಗೆ ಸಾಲು ಇರುವೆ, ಚೆಲ್ಲಿದ ಹಾಲಿಗೆ ಮುತ್ತಿದ್ದವು. ಮೊಳೆಗೆ ಕಂಬಳಿಯ ಕರಿ ಎಳೆ ಸಿಕ್ಕಿತ್ತು. ಪೂಜೆ ಮಾಡಿ ಕದ್ದವರು ಸಾಹೇಬರ ಸರ್ವಿಸ್ಸಿನಲ್ಲಿ ಯಾರೂ ಸಿಕ್ಕಿರಲಿಲ್ಲ.

ಕುರಿ ಸಾಕುವವರಲ್ಲಿ ಕೇಳಬೇಕೆಂದು ನಿನ್ನೆ ಅಂಜನಾಪುರದ ಡ್ಯಾಮಿನ ಹತ್ತಿರದ ಹಟ್ಟಿಗೆ ಹೋಗಿದ್ದರು. ಅಲ್ಲಿಯ ಚೌಡಪ್ಪ ಬೀಡಿ ಹಚ್ಚಿಕೊಂಡು, ತಮ್ಮ ಕುಲದ ಕೆಲವು ಮನೆಗಳಲ್ಲಿ ಒಂದು ಪದ್ಧತಿ ಇದೆ ಎಂದು ತಿಳಿಸಿದ. ಭೂಮಿ ಕಾಣದೆ ಸತ್ತ ಮರಿಯನ್ನು ಹಟ್ಟಿಯೊಳಗೇ, ಹಾಲು ಎರೆದು, ಅರಿಶಿನ ಇಟ್ಟು ಮಣ್ಣು ಮಾಡುತ್ತಾರೆ. ಮಾಡದಿದ್ದರೆ ಅದು ಎದುರಿಗೆ ಸಿಕ್ಕ ಬಸಿರನ್ನು ಹುಡುಕಿಕೊಂಡು ಹೋಗುತ್ತದಂತೆ. ತಮ್ಮ ಮನೆಯಲ್ಲಿ ಅದು ಬಿಟ್ಟುಹೋಗಿದೆ, ಉಳವಿಯ ದೊಡ್ಡಬೀರಪ್ಪನ ಹೆಂಡತಿ ಗುತ್ಯಮ್ಮ ಮಾತ್ರ ಇನ್ನೂ ಬಿಟ್ಟಿಲ್ಲ ಎಂದಿದ್ದ.

ಹೀಗೆ ಸಾಹೇಬರು ಈ ಕಲ್ಲಿನ ಮೇಲೆ ಕೂತದ್ದು. ಯಮುನಮ್ಮನವರು ಕೆಳಗೆ ಮೋರಿಯ ಹತ್ತಿರ ಜೀಪಿನಲ್ಲೇ ಉಳಿದಿದ್ದರು. ತಿರುವಿನ ದಾರಿಗೆ ಹೊಟ್ಟೆ ತೊಳೆಸುತ್ತಿದೆ ಎಂದು ನಿಂಬೆಹಣ್ಣು ಮೂಸುತ್ತಿದ್ದರು.

ಮಜ್ಜಿಗೆ ಮುಗಿಯಿತು. ಸಾಹೇಬರು ಲೋಟ ಇಟ್ಟು ಆ ಮೂಲೆಯನ್ನೇ ನೋಡಿದರು. ಹಟ್ಟಿಯ ನೆಲ ಎಲ್ಲ ಕಡೆ ಒಂದೇ ಥರ: ಮೇಲೆ ಹಿಕ್ಕೆಯ ಕರಿ ಪದರ, ಕುರಿಗಳು ತುಳಿದು ತುಳಿದು ಗಟ್ಟಿಯಾದದ್ದು. ಕೆಂಪು ಮಣ್ಣು ಇರುವುದು ಅದರ ಅಡಿಯಲ್ಲಿ. ಪಡುವಣ ಮೂಲೆಯಲ್ಲಿ ಮಾತ್ರ ಕರಿಯ ಮೇಲೆ ಕೆಂಪಿನ ಪುಡಿ ಹರಡಿತ್ತು. ಗುಡಿಸಿದ್ದರು, ಆದರೂ ಇತ್ತು. ಕೆಳಗಿದ್ದದ್ದು ಮೇಲಿನದನ್ನು ದಾಟಿ ಬಂದಿದೆ ಎಂದರೆ ಯಾರೋ ಅಗೆದಿದ್ದಾರೆ.

"ಗುತ್ಯಮ್ಮ, ಆ ಮೂಲೇಲಿ ಯಾರು ಮಲಗಿದಾರ್ರೀ?" ಎಂದು ಕೇಳಿದರು.

ಕಸಬರಿಗೆ ನಿಂತಿತು. ಗುತ್ಯಮ್ಮ ತಿರುಗಿ ನೋಡಲಿಲ್ಲ.

"ಯಾರಿದ್ರೆ ಏನು ಸಾಬ್ರೇ. ಮಲಗಿದೋರನ್ನ ಎಬ್ಬಿಸಬಾರದು."

ಸರ್ವಿಸ್ಸಿನಲ್ಲಿದ್ದಾಗ ಆಗಿದ್ದರೆ ಇಷ್ಟಕ್ಕೆ ಲಾಠಿ ನೆಲಕ್ಕೆ ಕುಟ್ಟುತ್ತಿತ್ತು. ಸಾಹೇಬರು ತಮಗೆ ತಿಳಿದದ್ದನ್ನೆಲ್ಲ ಮೆಲ್ಲಗೆ ಹೇಳಿದರು, ಅರಿಶಿನ, ಹಾಲು, ಕಂಬಳಿಯ ಎಳೆ. ಭಾನುವಾರ ಕಂಬಳಿ ಮಾರಲು ಶಿಕಾರಿಪುರಕ್ಕೆ ಬಂದವಳು ಕೊನೆಯ ಬಸ್ಸಿನಲ್ಲಿ ಮರಳಿದ್ದನ್ನೂ, ಕಂಬಳಿಯ ಗಂಟು ಮಾರಲು ತಂದಾಗಿನಷ್ಟೇ ಭಾರವಿದ್ದುದನ್ನು ಕಂಡಕ್ಟರ್ ನೆನಪಿಟ್ಟಿದ್ದನ್ನೂ ಹೇಳಿದರು. ಗುತ್ಯಮ್ಮ ಕೇಳುತ್ತ ಕೇಳುತ್ತ ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಕದ್ದಿಲ್ಲ ಸಾಬ್ರೇ. ಕೇಳಿ ತಗಂಡು ಬಂದೀನಿ."

"ಯಾರನ್ನ ಕೇಳಿದ್ರಿ?"

"ಅವನ್ನೇ. ಹಾಲು ಎರೆದು ಕೇಳಿದೆ. ಬರ್ತೀವಿ ಅಂದವು."

ಇಂಥ ಹೇಳಿಕೆಯನ್ನು ಯಾವ ಕಲಮಿನ ಕೆಳಗೆ ಹಾಕುವುದೋ ಸಾಹೇಬರಿಗೆ ತೋಚಲಿಲ್ಲ. ಯಾಕೆ ತಂದಿರಿ ಎಂದಷ್ಟೇ ಕೇಳಿದರು.

ಗುತ್ಯಮ್ಮ ಜೀಪಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಡಾಕ್ಟರಮ್ಮ ಬಸುರಿ ಅದಾರೆ."

ಸಾಹೇಬರು ಬೆಪ್ಪಾದರು. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದ ಯಮುನಮ್ಮ. ಗಂಡ ದಾವಣಗೆರೆಯಲ್ಲಿ ಕಾಲೇಜು ಮೇಷ್ಟ್ರು. ಬೆಳಿಗ್ಗೆಯಿಂದ ನಿಂಬೆಹಣ್ಣು ಮೂಗಿನ ಹತ್ತಿರವೇ ಇತ್ತು, ದಾರಿಯಲ್ಲಿ ಎರಡು ಸಲ ಜೀಪು ನಿಲ್ಲಿಸಿದ್ದೂ ಆಗಿತ್ತು. ಊರ ಕಳ್ಳರ ಹೆಜ್ಜೆ ಗುರುತು ಓದಿದ ಮನುಷ್ಯನಿಗೆ ಒಂದು ನಿಂಬೆಹಣ್ಣು ಓದಲು ಬರಲಿಲ್ಲವಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು. ಸಂತೋಷವೂ ಆಯಿತು, ಕಣ್ಣು ತುಂಬಿ ಬರುವಷ್ಟು.

ಅಷ್ಟರಲ್ಲಿ ಗುಡಿಸಲಿನಿಂದ ನಡುವಯಸ್ಸಿನ ಹೆಂಗಸೊಬ್ಬಳು ಹಸಿ ಹುಲ್ಲಿನ ಹೊರೆ ತಂದು ಇಳಿಸಿದಳು. ಗುತ್ಯಮ್ಮನ ಮಗಳು ಲೋಕಮ್ಮ. ಕಿವಿ ಕೇಳಿಸದು, ಮಾತಿಲ್ಲ, ಎತ್ತರವೂ ಅವ್ವನ ಭುಜಕ್ಕಿಂತ ಕೆಳಗೆ. ಮರಿಗಳು ಮಾತ್ರ ಅವಳ ಸೀರೆಯ ನೆರಿಗೆಯೊಳಗೇ ಬೆಳೆದ ಹಾಗೆ ಸುತ್ತಿಕೊಂಡವು. ಸಾಹೇಬರನ್ನು ನೋಡಿ ಅವಳು ಹಲ್ಲು ಬಿಟ್ಟು ನಕ್ಕಳು, ಅವರೂ ನಕ್ಕರು.

ಗುತ್ಯಮ್ಮ ಮಗಳ ಬೆನ್ನು ಸವರುತ್ತ ತನ್ನ ಮಾತನ್ನು ಮುಂದುವರಿಸಿದಳು. ಹಿಂದೆ ಈ ಹಟ್ಟಿಯಲ್ಲಿ ಪ್ರತಿ ಸುಗ್ಗಿಗೂ ಕುರಿಗಳು ಕಂದು ಹಾಕುತ್ತಿದ್ದವು. ಹುಟ್ಟಿದವೂ ಎದ್ದು ನಿಲ್ಲುತ್ತಿರಲಿಲ್ಲ. ಮಾರಿಗೆ ಹರಕೆ ಹೊತ್ತದ್ದಾಯಿತು, ಮಂತ್ರಿಸಿದ ನೀರು ಚೆಲ್ಲಿದ್ದಾಯಿತು. ಯಮುನಮ್ಮ ಬಂದು ಕುರಿಗಳ ಕುತ್ತಿಗೆ ಮುಟ್ಟಿ ನೋಡಿ, ಉಪ್ಪಿನ ಗಟ್ಟಿ ಕೊಟ್ಟು, ನೆಕ್ಕಲು ಕಟ್ಟಿಸಿದರು. ಆ ವರ್ಷವೇ ಮರಿಗಳು ಹಟ್ಟಿ ಹಿಡಿಸದಷ್ಟು ಆದವು.

"ಈ ಹಟ್ಟಿ ತುಂಬಿಸಿದ ತಾಯಿ ಆಕೆ. ಭೂಮಿ ಕಾಣದ ಮರಿಗಳನ್ನ ಎದುರಿಗಿಟ್ಕಂಡು ದಿನಾ ಕೂರ್ತಾರೆ, ಬಸುರಿ ಹೆಂಗಸು. ಅವರಿಗೆ ತಿಳೀದು, ಓದಿದೋರು. ತಿಳಿದ ನಾವು ಸುಮ್ನಿದ್ರೆ ಉಪ್ಪು ತಿಂದ ಮನೆಗೆ ಎರಡು ಬಗೆದಂಗೆ ಆಗಲ್ವಾ ಸಾಬ್ರೇ?"

ಸಾಹೇಬರು ಹುಡುಕಿಕೊಂಡು ಬಂದ ಕಳ್ಳಿ ಅವರ ಹಾಗೆಯೇ ಅದೇ ಹೆಣ್ಣುಮಗಳ ಋಣ ಹೊತ್ತವಳು. ತೀರಿಸುವ ದಾರಿ ಮಾತ್ರ ಬೇರೆ.

ಅವರು ಕಲ್ಲಿನಿಂದ ಇಳಿದು ಆಕೆಯ ಎದುರಿಗೇ ನೆಲದ ಮೇಲೆ ಕೂತರು. ಆ ಮರಿಗಳನ್ನು ನೋಡಲು ನಾಳೆ ದೊಡ್ಡವರು ಬರುತ್ತಿದ್ದಾರೆ, ನೋಡಿದರೆ ಈ ಹಟ್ಟಿಗೆ ಬಂದ ಉಪ್ಪು ಸೊರಬದ ಊರೂರಿನ ಒಲೆಗೂ ಬರುತ್ತದೆ, ನೋಡದಿದ್ದರೆ ಡಾಕ್ಟರಮ್ಮನ ಕೋಣೆಗೇ ಬೀಗ ಬೀಳುತ್ತದೆ ಎಂದು ಬಿಡಿಸಿ ಹೇಳಿದರು. ಗುತ್ಯಮ್ಮ ಬೆರಳಿನಿಂದ ಮಣ್ಣು ಕೆದಕಿದಳು.

"ಆಕೆ ಹೊಟ್ಟೆಗೆ ಏನಾರ ಆದ್ರೆ?"

"ನಾಳೆ ಒಂದಿನ ಕಳೀಲಿ. ಡಾಕ್ಟರಮ್ಮನ್ನ ನಾನೇ ಕರ್ಕೊಂಡು ಬರ್ತೀನಿ. ಅವರ ಕೈಯಿಂದಲೇ ಇಲ್ಲಿ ಮಣ್ಣು ಹಾಕಿಸ್ತೀನಿ. ಅಲ್ಲಾನ ಆಣೆ."

ಡಾಕ್ಟರನ್ನು ಒಂದು ಮಾತೂ ಕೇಳದೆ ಕೊಟ್ಟ ಆಣೆ ಅದು. ಆದರೂ ಸಾಹೇಬರಿಗೆ ಅದರ ಬಗ್ಗೆ ಅನುಮಾನವಿರಲಿಲ್ಲ. ಯಮುನಮ್ಮ ಅಂಥವರಲ್ಲ, ಈ ಮುದುಕಿಯ ಮನಸ್ಸು ಕಂಡರೆ ಬಂದೇ ಬರುತ್ತಾರೆ.

ಗುತ್ಯಮ್ಮ ಮಗಳಿಗೆ ಕೈಸನ್ನೆ ಮಾಡಿದಳು. ಅವ್ವ ಮಗಳು ಇಬ್ಬರೂ ಕೈಯಿಂದಲೇ ಮಣ್ಣು ಸರಿಸಿದರು, ಗುದ್ದಲಿ ಮುಟ್ಟಲಿಲ್ಲ. ಕಂಬಳಿಯ ಸುರುಳಿ ಕಂಡಿತು. ಬಿಚ್ಚಿದರೆ ಒಳಗೆ ಸೀಸೆಗಳು ಒಂದರ ಪಕ್ಕ ಒಂದು, ಬಾಣಂತಿ ಕೋಣೆಯಲ್ಲಿ ಮಲಗಿಸಿದ ಹಾಗೆ. ಒಂದರ ಗಾಜೂ ಒಡೆದಿರಲಿಲ್ಲ, ಒಂದರ ಮೇಣವೂ ಬಿಟ್ಟಿರಲಿಲ್ಲ.

ಮಣ್ಣು ಮಾಡುವುದಾದರೆ ಸೀಸೆಯಿಂದ ತೆಗೆಯಲಿಲ್ಲವೇಕೆ ಎಂದು ಸಾಹೇಬರು ಕೇಳಿದರು.

"ಒಂದು ಹೊಟ್ಟೆಯಿಂದ ತೆಗೆದು ಡಾಕ್ಟರಮ್ಮ ಇನ್ನೊಂದು ಹೊಟ್ಟೇಲಿ ಇಟ್ಟಾರೆ, ಗಾಜಿನದು. ಎರಡನೇ ಸಲ ಕೀಳಕ್ಕೆ ಮನಸು ಬರಲಿಲ್ಲ."

ಸಾಹೇಬರು ಆಕಾಶ ನೋಡಿ ಅಲ್ಲಾನಿಗೆ ಶುಕ್ರ್ ಹೇಳಿದರು. ಆಕೆಯ ಆ ಒಂದು ಮರುಕ ಇಲ್ಲದಿದ್ದರೆ ವರ್ಷಗಳ ದುಡಿಮೆ ಮಣ್ಣುಪಾಲಾಗುತ್ತಿತ್ತು. ಗುತ್ಯಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಕೆ ಗಾಬರಿಯಾಗಿ ಕೈ ಎಳೆದುಕೊಂಡಳು.

ಆಮೇಲೆ ಒಂದೊಂದೇ ಸೀಸೆ ಎತ್ತಿ ಹುಲ್ಲಿನ ಮೇಲೆ ಜೋಡಿಸಿದರು. ಹಳದಿ ಮೇಣ, ಹಳದಿ ಮೇಣ, ಮತ್ತೆ ಹಳದಿ. ಗುಂಡಿಯ ತಳ ಬಂತು, ಕಂಬಳಿ ಕೊಡವಿದ್ದಾಯಿತು.

"ಕೆಂಪು ಮೇಣದ್ದು ಎಲ್ರೀ ಗುತ್ಯಮ್ಮ?"

ಗುತ್ಯಮ್ಮ ಕಂಬಳಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಅದೊಂದಕ್ಕೇ ನಾಳೆ ಅವರು ಬರ್ತಿರೋದು. ಮಿಕ್ಕವೆಲ್ಲ ಇದ್ದೂ ಅದಿಲ್ಲ ಅಂದ್ರೆ ಪ್ರಯೋಜನ ಇಲ್ಲ."

"ಅದು ನಾನು ತರಲಿಲ್ಲ. ಕೀಲಿ ಕೊಟ್ಟಾಕೆ, ಅದೊಂದು ತನಗೆ ಬಿಡು ಅಂದ್ಲು."

ಕೀಲಿ. ಹೊರಕೋಣೆಗೆ ಎರಡೇ ಕೀಲಿ. ಒಂದು ಯಮುನಮ್ಮನವರ ಸೊಂಟದಲ್ಲಿ. ಇನ್ನೊಂದು ಸಾಹೇಬರದೇ ಅಡುಗೆಮನೆಯ ಗೂಟದಲ್ಲಿ. ರಾಜಪ್ಪ, ರಜಾಕ್, ಅಂಜನಾಪುರ ಎಂದು ಊರೆಲ್ಲ ಸುತ್ತಿ ಬಂದದ್ದಾಗಿತ್ತು. ದೀಪದ ಬುಡದಲ್ಲೇ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಶರ್ಫುನ್ನೀಸಾ?"

ಗುತ್ಯಮ್ಮ ತಲೆಯಾಡಿಸಿದಳು. ತವರು ಇಲ್ಲೇ ಪಕ್ಕದಲ್ಲಿ, ತಾನೇ ಎತ್ತಿ ಆಡಿಸಿದ ಹುಡುಗಿ ಅದು, ತಪ್ಪು ತಿಳಿಯಬೇಡಿ ಎಂದು ಬೇಡಿಕೊಂಡಳು. ಡಾಕ್ಟರಮ್ಮ ಬಸುರಿ ಎಂದು ಹೇಳಿದ್ದೂ ಅವಳೇ, ನಿನಗೆ ತಿಳಿದ ಶಾಂತಿ ಏನಿದ್ದರೂ ಮಾಡು, ಅವರಿಗೆ ಕೆಡುಕಾಗಬಾರದು ಎಂದು ಕೀಲಿ ಕೊಟ್ಟವಳೂ ಅವಳೇ. ಆದರೆ ಕೆಂಪು ಮೇಣದ ಸೀಸೆಗೆ ಕೈ ಹಾಕಿದಾಗ ತಡೆದಳು. ಎದೆಗೆ ಅವಚಿಕೊಂಡು ಅಳುತ್ತ ಕೂತಳು.

ಯಾಕೆ ಎಂದರು ಸಾಹೇಬರು. ಗುತ್ಯಮ್ಮ ಮರುಪ್ರಶ್ನೆ ಹಾಕಿದಳು.

"ನಿಮ್ಮ ಮೊಮ್ಮಗ ಅಳ್ತಾನೇನ್ರೀ?"

ಇದೇನು ಪ್ರಶ್ನೆ ಎನಿಸಿತು ಅವರಿಗೆ. ತವರಿನಿಂದ ಬಂದು ವಾರವಾಯಿತು, ಬಂಗಾರದಂಥ ಕೂಸು, ಅಳುವುದೇ ಇಲ್ಲ, ಹಾಲಿಗೂ ಎಬ್ಬಿಸಬೇಕು, ಓಣಿಯವರೆಲ್ಲ ಪುಣ್ಯವಂತರು ನೀವು ಎನ್ನುತ್ತಾರೆ ಎಂದರು. ಹೇಳುವಾಗ ಎಂದಿನ ಹೆಮ್ಮೆಯೇ ದನಿಯಲ್ಲಿತ್ತು.

ಗುತ್ಯಮ್ಮ ಮಗಳ ಕಡೆ ನೋಡಿದಳು. ಲೋಕಮ್ಮ ಒಂದು ಮರಿಯ ಬಾಯಿಗೆ ಹುಲ್ಲಿನ ಕುಡಿ ಇಡುತ್ತಿದ್ದಳು.

"ಇವಳೂ ಅಳ್ತಿರಲಿಲ್ಲ ಸಾಬ್ರೇ. ನಾವೂ ಪುಣ್ಯ ಅಂದ್ಕಂಡಿದ್ವಿ."

ಹಟ್ಟಿಯಿಂದ ಮೋರಿಯವರೆಗಿನ ಇಳಿಜಾರು ಸಾಹೇಬರಿಗೆ ಎಂದೂ ಅಷ್ಟು ಉದ್ದ ಕಂಡಿರಲಿಲ್ಲ. ಬುಟ್ಟಿಯಲ್ಲಿ ಸೀಸೆಗಳನ್ನು ಹೊತ್ತು ಲೋಕಮ್ಮ ಮುಂದೆ, ಅವರು ಹಿಂದೆ. ಹೇಳದೆ ಇರಬಹುದು ಎಂಬ ಯೋಚನೆ ಬಂತು. ಎಲ್ಲ ಸಿಕ್ಕಿತು, ಒಂದು ಮಾತ್ರ ದಾರಿಯಲ್ಲಿ ಒಡೆಯಿತು ಎಂದರೆ ಯಾರು ಕೇಳುತ್ತಾರೆ? ಮನೆಯ ಮಾನ ಮನೆಯಲ್ಲೇ ಉಳಿಯುತ್ತದೆ, ಸೊಸೆ ಕಳ್ಳಿಯಾಗುವುದಿಲ್ಲ. ಕೂಸು ಬಂಗಾರದ್ದಾಗಿಯೇ ಇರುತ್ತದೆ, ಇನ್ನೂ ಒಂದಿಷ್ಟು ದಿನ.

ಬುಟ್ಟಿ ಕಂಡದ್ದೇ ಯಮುನಮ್ಮ ಜೀಪಿನಿಂದ ಇಳಿದು ಓಡಿ ಬಂದರು. ಒಂದು ಸೀಸೆ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು, ಇನ್ನೊಂದು ಎತ್ತಿದರು. ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಸಾಹೇಬರು ಗುತ್ಯಮ್ಮನ ಮಾತನ್ನೆಲ್ಲ ಹೇಳಿದರು, ಕೊಟ್ಟ ಆಣೆಯನ್ನೂ ಹೇಳಿದರು. ಆಕೆ ಹಟ್ಟಿಯ ಕಡೆ ತಿರುಗಿ, ಬೇಲಿಯ ಹತ್ತಿರ ನಿಂತಿದ್ದ ಮುದುಕಿಗೆ ಅಲ್ಲಿಂದಲೇ ಕೈ ಮುಗಿದರು. ಬರುತ್ತೇನೆ, ನನ್ನ ಕೈಯಿಂದಲೇ ಮಣ್ಣು ಹಾಕುತ್ತೇನೆ, ನನಗಾಗಿ ಇಷ್ಟು ಹೆದರಿದವರು ಇನ್ಯಾರಿದ್ದಾರೆ ಎಂದರು.

"ನಿಮ್ಮ ಉಪಕಾರ ನಾನು ಹೇಗೆ ತೀರಿಸಲಿ ಸಾಹೇಬ್ರೇ?"

ಆಕೆ ತಮಗೆ ಕೃತಜ್ಞತೆ ಹೇಳಿದ ಮೇಲೆ ಸಾಹೇಬರಿಗೆ ಸುಳ್ಳು ಹೇಳಲು ಆಗಲಿಲ್ಲ.

"ಕೆಂಪು ಮೇಣದ್ದು ಇದರಲ್ಲಿಲ್ಲ ಡಾಕ್ಟ್ರೇ. ಅದು ನಮ್ಮನೇಲಿದೆ. ಶರ್ಫುನ್ನೀಸಾ ಇಟ್ಕೊಂಡಿದಾಳೆ." ಬುಟ್ಟಿಯನ್ನೇ ನೋಡುತ್ತ ಮುಂದುವರಿಸಿದರು. "ನಮ್ಮ ಪೀರು ಅಳೋದಿಲ್ಲ. ಹುಟ್ಟಿದಾಗಿಂದ ಅತ್ತೇ ಇಲ್ಲ."

ಯಮುನಮ್ಮನವರ ಕೈಯಲ್ಲಿದ್ದ ಸೀಸೆ ಮೆಲ್ಲಗೆ ಬುಟ್ಟಿಗೆ ಇಳಿಯಿತು. ಹಾಲು ಎಳೆಯುತ್ತಾನೆಯೇ, ಮೈ ತಣ್ಣಗಿರುತ್ತದೆಯೇ, ನಾಲಿಗೆ ದಪ್ಪವೇ ಎಂದು ಒಂದರ ಹಿಂದೆ ಒಂದು ಕೇಳಿದರು. ಸಾಹೇಬರು ತಿಳಿದಷ್ಟು ಹೇಳಿದರು. ತಾನು ಕೂಸನ್ನು ಮಲಗಿದ್ದಾಗ ಮಾತ್ರ ನೋಡಿದ್ದೆ, ಎಬ್ಬಿಸಬಾರದೆಂದು ಬಾಗಿಲಲ್ಲೇ ನಿಂತು ಬಂದಿದ್ದೆ ಎಂದು ಆಕೆ ಹಲ್ಲು ಕಚ್ಚಿದರು.

"ಎಷ್ಟು ತಿಂಗಳು ಈಗ?"

"ಎರಡು ತುಂಬಿಲ್ಲ ಇನ್ನೂ."

"ಹಾಗಾದ್ರೆ ದಾರಿ ಇದೆ ಸಾಹೇಬ್ರೇ. ಸೀಸೇಲಿರೋ ಮರಿ ಸತ್ತದ್ದು. ನಿಮ್ಮ ಪೀರು ಬದುಕಿದಾನೆ, ಅವನ ಮಿದುಳು ಇನ್ನೂ ಬೆಳೀತಾ ಇದೆ. ಆ ರಸವನ್ನೇ ಔಷಧಿ ಮಾಡಿ ಕೊಡ್ತಾರೆ. ಬೇಗ ಕೊಟ್ಟಷ್ಟೂ ಒಳ್ಳೇದು. ಇವತ್ತೇ ಶಿವಮೊಗ್ಗಕ್ಕೆ ಹೋಗೋಣ."

ನಾಳೆ ಬೆಂಗಳೂರಿನವರು ಬರುತ್ತಾರಲ್ಲ ಎಂದು ಸಾಹೇಬರು ನೆನಪಿಸಿದರು. ಬಂದವರು ಕಾಯಲಿ ಎಂದರು ಯಮುನಮ್ಮ. ಎರಡನೆಯ ಸಲವೂ ಇದೇ ಜೀಪು, ಇದೇ ಹೆಣ್ಣುಮಗಳು. ಋಣ ಇನ್ನಷ್ಟು ಬೆಳೆಯಿತು, ಬೆಳೆಯಲಿ, ಇಂಥವರ ಋಣದಲ್ಲಿ ಇರುವುದೇ ಒಂದು ಭಾಗ್ಯ ಎಂದುಕೊಂಡರು ಸಾಹೇಬರು.

ಜೀಪು ಸದ್ದು ಮಾಡಿ ಹೊರಟಿತು. ಉಳವಿಯ ಕೆರೆ ಏರಿ ದಾಟಿತು. ಅಲ್ಲಿ ಯಮುನಮ್ಮನವರ ಕಾಲು ತಟ್ಟನೆ ಬ್ರೇಕಿನ ಮೇಲೆ ಬಿತ್ತು. ಮುಖ ಬಿಳಿಚಿತ್ತು. ಮತ್ತೆ ಹೊಟ್ಟೆ ತೊಳೆಸಿತೇನೋ ಎಂದು ಸಾಹೇಬರು ನಿಂಬೆಹಣ್ಣಿಗೆ ಕೈ ಹಾಕಿದರು.

"ಬೆಳಿಗ್ಗೆ ನಾವು ಹೊರಡೋವಾಗ, ನೀವಿನ್ನೂ ಒಳಗಿದ್ರಿ, ಶರ್ಫುನ್ನೀಸಾ ಜೀಪಿನ ಹತ್ತಿರ ಬಂದಿದ್ಲು," ಎಂದರು ಯಮುನಮ್ಮ. "ಅರ್ಧ ದಾರೀಲಿ ಕೂತ ಕಣ ಆಮೇಲಾದ್ರೂ ಹತ್ತುತ್ತಾ ಅಕ್ಕ, ಅಂತ ಕೇಳಿದ್ಲು. ನಾನು ಕುರಿ ವಿಷಯ ಅಂದ್ಕೊಂಡೆ."

"ಏನಂದ್ರಿ ನೀವು?"

"ಇನ್ನೆಂದೂ ಹತ್ತಲ್ಲ ಅಂದುಬಿಟ್ಟೆ. ಕೂಸನ್ನ ಎತ್ಕೊಂಡು ಅಂಜನಾಪುರದ ಡ್ಯಾಮಿನ ಬಸ್ಸಿನ ಕಡೆಗೆ ಹೋದ್ಲು."